ವೆಲಿಕಾ ಮತ್ತು ಜವಾಬ್ದಾರಿಯ ಹಸಿರು ದಾರ

ಉಕ್ಕಿನ ಕಾರ್ಖಾನೆಯವರು ವೆಲಿಕಾ ಡಿಮೋವ್ಸ್ಕಾಗೆ ಒಂಬತ್ತು ವಾರದ ಕೂಲಿಯನ್ನು ಇನ್ನೂ ಕೊಡಬೇಕು. ಹೆಂಗಸರನ್ನು ಮೊದಲು ಕೆಲಸದಿಂದ ತೆಗೆದ ವರ್ಷದ ಬಾಕಿ ಅದು. ಅದನ್ನು ತಡೆಹಿಡಿದ ಅಧಿಕಾರಿ ಸತ್ತ, ಆ ಕುಲುಮೆಯನ್ನೇ ಕೆಡವಿ ಗುಜರಿಗೆ ಹಾಕಿದರು, ವೆಲಿಕಾಳ ಕೂದಲು ಬೂದಿಯ ಬಣ್ಣಕ್ಕೆ ತಿರುಗಿತು. ಬಾಕಿ ಮಾತ್ರ ಹಾಗೇ ನಿಂತಿದೆ. ಬೇರೆಯವರು ಹೊಸಬರ ಕೈಕುಲುಕುವಾಗ ಹುಟ್ಟಿದೂರನ್ನೋ ಮಕ್ಕಳ ಸುದ್ದಿಯನ್ನೋ ಹೇಳುವ ಹಾಗೆ ಅವಳು ಇದನ್ನು ಹೇಳುತ್ತಾಳೆ. ನಗರಸಭೆಯ ಅಧ್ಯಕ್ಷರಿಗೆ ಹೇಳಿದ್ದಾಳೆ, ಮದುವೆ ಮನೆಯಲ್ಲಿ ಬೀಗರಿಗೆ ಹೇಳಿದ್ದಾಳೆ, ಹಲ್ಲಿನ ಡಾಕ್ಟರಿಗಂತೂ ಬಾಯಿ ತೆರೆದುಕೊಂಡೇ ಹೇಳಿದ್ದಾಳೆ.

ಬಲಪಾದದ ಮೇಲೆ ಒಮ್ಮೆ ಉಕ್ಕಿನ ಹಲಗೆ ಬಿದ್ದು ಅದು ಹೊರಕ್ಕೆ ತಿರುಗಿಕೊಂಡಿರುವುದರಿಂದ, ನೇರವಾಗಿ ನಡೆದು ಬರುವಾಗಲೂ ಅವಳು ಇನ್ನೇನು ಪಕ್ಕದ ಓಣಿಗೆ ತಿರುಗಿಬಿಡುತ್ತಾಳೆ ಎಂದು ಎದುರಿನವರಿಗೆ ಅನಿಸುತ್ತದೆ. ಅವಳು ತಿರುಗುವುದಿಲ್ಲ. ಹಾಗೆ ನಂಬಿ ನಿಶ್ಚಿಂತೆಯಿಂದ ನಿಂತಿದ್ದ ಎಷ್ಟೋ ಮೇಸ್ತ್ರಿಗಳು, ವಕೀಲರು, ಪೊಲೀಸರು ಆಮೇಲೆ ಪಶ್ಚಾತ್ತಾಪಪಟ್ಟಿದ್ದಾರೆ. ಮೈಮೇಲೆ ಸದಾ ಕಾರ್ಖಾನೆಯ ಕಿತ್ತಳೆ ಬಣ್ಣದ ಕೋಟು. ಬೆನ್ನಿನ ಬೆಳ್ಳಿಪಟ್ಟಿ ಸವೆದು ಬಟ್ಟೆಯ ನೂಲು ಕಾಣುತ್ತದೆ. ಚರ್ಚಿಗೂ ಅದೇ, ಸಾವಿನ ಮನೆಗೂ ಅದೇ. ಊರಿನ ಸಣ್ಣವರು ದೊಡ್ಡವರೆಲ್ಲ ಅವಳ ಬಾಯಲ್ಲಿ 'ಮಗಾ'. ಪ್ರತಿ ಮಾತಿನ ಕೊನೆಗೆ 'ಹೌದೋ ಅಲ್ವೋ?' ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ.

ವಲೊಂಗಾಂಗ್‌ ನಗರದಿಂದ ದಕ್ಷಿಣಕ್ಕೆ, ಚಿಮಣಿಗಳ ಕೆಳಗಿರುವ ನಮ್ಮ ಈ ಊರಿನಲ್ಲಿ ಮ್ಯಾಸಿಡೋನಿಯಾದಿಂದ ಬಂದು ನೆಲೆಸಿದ ಹೆಂಗಸರು ಬೇಸಿಗೆ ಮುಗಿದು ಮಾರ್ಚ್ ಬಂತೆಂದರೆ ಕೆಂಪು ದೊಣ್ಣೆಮೆಣಸಿನಕಾಯನ್ನು ಮೂಟೆಗಟ್ಟಲೆ ಸುಟ್ಟು, ಸಿಪ್ಪೆ ಸುಲಿದು, ವರ್ಷಕ್ಕಾಗುವಷ್ಟು ಆಯ್ವರ್ ಗೊಜ್ಜು ಕುದಿಸಿ ಸೀಸೆಗೆ ತುಂಬುತ್ತಾರೆ. ವೆಲಿಕಾಳ ಕಾರುಕೊಟ್ಟಿಗೆಯಲ್ಲಿ ಇಬ್ಭಾಗ ಮಾಡಿದ ಪೀಪಾಯಿಯೊಂದು ಅದಕ್ಕೆಂದೇ ಇದೆ. ಯೂನಿಯನ್ ಕಚೇರಿಯಲ್ಲಿ ನಿರ್ಧಾರವಾದ ಮುಷ್ಕರಗಳಿಗಿಂತ ಆ ಪೀಪಾಯಿಯ ಹೊಗೆಯಲ್ಲಿ ಕೆಮ್ಮುತ್ತಾ ನಾವು ನಿರ್ಧರಿಸಿದ ಮುಷ್ಕರಗಳೇ ಹೆಚ್ಚು, ಗೆದ್ದವೂ ಅವೇ ಹೆಚ್ಚು.

ಅವಳ ಈಗಿನ ಜಗಳ ಕಾರ್ಖಾನೆಯ ಮೇಲಲ್ಲ, ನಮ್ಮದೇ ಕ್ಲಬ್ಬಿನ ಮೇಲೆ. ಕುಲುಮೆ ಕ್ಲಬ್ಬು ಎಂದು ಎಲ್ಲರೂ ಕರೆಯುವ ಆ ಕಟ್ಟಡ ನಮ್ಮ ಹಿರಿಯರು ಕೂಲಿಯಿಂದ ಮುರಿದುಕೊಟ್ಟ ಚಂದಾದಿಂದ ಎದ್ದದ್ದು. ಸದಸ್ಯರೇ ಅದರ ಒಡೆಯರು. ಅಕ್ಟೋಬರಿನಲ್ಲೊಂದು ಸಭೆ, ಅಲ್ಲಿ ಕೈ ಎತ್ತಿದರೆ ಕಾನೂನು. ಅಗ್ಗದ ಊಟ, ಶುಕ್ರವಾರ ಗೆದ್ದವರಿಗೆ ಮಾಂಸದ ತಟ್ಟೆ ಸಿಗುವ ಲಾಟರಿ, ಒಳಗಡೆ ಕಿಟಕಿಯಿಲ್ಲದ ಹಜಾರದಲ್ಲಿ ಸಾಲಾಗಿ ಪೋಕಿಗಳು, ಅಂದರೆ ಹಗಲೂ ರಾತ್ರಿ ಮಿಣುಕುವ ಜೂಜಿನ ಯಂತ್ರಗಳು. ಆಡುವವರು ಸದಸ್ಯತ್ವದ ಕಾರ್ಡನ್ನು ಯಂತ್ರದ ಸೀಳಿಗೆ ತೂರಿಸಬೇಕು; ಕಾರ್ಡಿಗೊಂದು ಸುರುಳಿ ದಾರ, ದಾರದ ಇನ್ನೊಂದು ತುದಿ ಅಂಗಿಯ ಗುಂಡಿಗೆ. ಗೂಟಕ್ಕೆ ಕಟ್ಟಿದ ದನಗಳ ಹಾಗೆ ಕೂತಿರುತ್ತಾರೆ. ಕಳೆದುಕೊಂಡಷ್ಟೂ ಅಂಕ, ಅಂಕ ಬೆಳೆದಷ್ಟೂ ದಾರದ ಬಣ್ಣಕ್ಕೆ ಬಡ್ತಿ. ನಾಲ್ಕು ದಿನ ಬರದಿದ್ದರೆ ಫೋನಿಗೆ ಸಂದೇಶ: ನಿಮ್ಮನ್ನು ಕಾಣದೆ ಬೇಸರವಾಗಿದೆ, ಇವತ್ತಿನ ಊಟ ನಮ್ಮ ಕಡೆಯಿಂದ.

ಲೆನ್ಚೆಗೆ ಇಂಥ ಸಂದೇಶಗಳು ಬಹಳ ಬರುತ್ತಿದ್ದವು. ಕಾರ್ಖಾನೆಯಲ್ಲಿ ಕಲ್ಲಿದ್ದಲು ಬೇಯಿಸುವ ಕೋಕ್ ಒಲೆಗಳ ಮುಂದೆ ವೆಲಿಕಾಳ ಜೋಡಿಯಾಗಿ ದುಡಿದವಳು ಅವಳು. ಗಂಡ ರಿಸ್ತೋ ಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತ ಮೇಲೆ ಕ್ಲಬ್ಬಿಗೆ ಹೋಗುವುದನ್ನು ಕಲಿತಳು. "ರಿಸ್ತೋ ಸತ್ತಾಗ ಒಂದು ಹೂವೂ ಕಳಿಸ್ದೇ ಇದ್ದೋರು, ಇವಳು ನಾಲ್ಕು ದಿನ ಮನೇಲಿದ್ರೆ ಬೇಜಾರು ಮಾಡ್ಕೋತಾರೆ. ಕರೆಯೋಕೆ ಗೊತ್ತಿರೋ ಕಾರ್ಡಿಗೆ ಸಾಕು ಅನ್ನೋದೂ ಗೊತ್ತಿರ್ಬೇಕು, ಹೌದೋ ಅಲ್ವೋ?" ಎಂದು ವೆಲಿಕಾ ಹಿಂದಿನ ವರ್ಷದ ಸಭೆಯಲ್ಲಿ ಎದ್ದು ನಿಂತು ಗೊತ್ತುವಳಿ ಮಂಡಿಸಿದಳು: ಆಡುವವರು ತಮಗೆ ತಾವೇ ಒಂದು ಮಿತಿ ಹಾಕಿಕೊಳ್ಳುವಂತಾಗಲಿ, ಅಂಕದ ಆಸೆ ಬೇಕೇಬೇಕೆಂದರೆ ನಿಲ್ಲಿಸುವುದಕ್ಕೂ ಇರಲಿ.

ನಾವು ಗದ್ದಲಕ್ಕೆ ಸಿದ್ಧರಾಗಿ ಹೋಗಿದ್ದೆವು. ಗದ್ದಲವೇ ಆಗಲಿಲ್ಲ. ಮ್ಯಾನೇಜರ್ ಹ್ಯಾಲೊರನ್, ಯಾರನ್ನು ಕಂಡರೂ ಎರಡೂ ಕೈಗಳಿಂದ ಕೈಹಿಡಿಯುವ ಮನುಷ್ಯ, ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದ. ವೆಲಿಕಾಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಆ ಫೋಟೋದಲ್ಲಿ ಅವಳ ಮುಖ ನೋಡಬೇಕು: ಜೇಬಿಗೆ ಯಾರೋ ಕೈ ಹಾಕಿದ್ದಾರೆ, ಆದರೆ ಯಾವ ಜೇಬು ಎಂದು ಗೊತ್ತಾಗುತ್ತಿಲ್ಲ ಎನ್ನುವವಳ ಮುಖ.

ಯೋಜನೆ ಜಾರಿಗೆ ಬಂತು. ಮಿತಿ ಹಾಕಿಕೊಂಡವರು 'ಜವಾಬ್ದಾರಿಯುತ ಸದಸ್ಯರು'. ಅವರಿಗೆ ಕುತ್ತಿಗೆಗೆ ಹಾಕುವ ಹಸಿರು ದಾರ, ಮಂಗಳವಾರ ಪುಕ್ಕಟೆ ಊಟದ ಪ್ರತ್ಯೇಕ ಟೇಬಲ್, ಸೇರಿದ ದಿನವೇ ಕುರಿಮಾಂಸದ ಒಂದು ತಟ್ಟೆ. ಮಿತಿ ಐವತ್ತು ಡಾಲರಾದರೂ ತಟ್ಟೆ ಅದೇ, ಐದು ಸಾವಿರವಾದರೂ ಅದೇ. ನಮ್ಮ ಜನ ಬಾಗಿಲಾಚೆಯವರೆಗೆ ಸರತಿ ನಿಂತು, ಪರದೆ ಒಪ್ಪುವ ಅತಿ ದೊಡ್ಡ ಅಂಕಿಯನ್ನೇ ಒತ್ತಿ, ಮಾಂಸವನ್ನು ಮನೆಗೆ ಒಯ್ದು ಸುಟ್ಟು ತಿಂದರು. ಪ್ರಾಮಾಣಿಕವಾಗಿ ವಾರಕ್ಕೆ ಐವತ್ತು ಎಂದು ಒತ್ತಿದವಳು ಲೆನ್ಚೆಯೊಬ್ಬಳೇ. ಐವತ್ತು ಮುಗಿದ ಕೂಡಲೇ ಪರದೆಯ ಮೇಲೆ ಒಂದು ಎಲೆ ಮೂಡಿ ಅಭಿನಂದಿಸುತ್ತಿತ್ತು. ಎಲೆಯ ಕೆಳಗೆ ಒಂದು ಗುಂಡಿ: ನಿಮ್ಮ ಮಿತಿಯನ್ನು ಮರುಪರಿಶೀಲಿಸುವಿರಾ? ಒತ್ತಿದರೆ, ಜವಾಬ್ದಾರಿಯಿಂದ ಮರುಪರಿಶೀಲಿಸಿದ್ದಕ್ಕೆ ಮತ್ತಷ್ಟು ಅಂಕ.

ಮಾರ್ಚಿನಲ್ಲಿ ಲೆನ್ಚೆ ಕುತ್ತಿಗೆಗೆ ಹಸಿರು ದಾರ ಹಾಕಿಕೊಂಡೇ ಮೆಣಸಿನಕಾಯಿ ಸುಲಿಯಲು ಬಂದಳು.

"ನೋಡೇ ವೆಲಿಕಾ, ಹಸಿರು! ಜವಾಬ್ದಾರಿ ಇರೋರಿಗೆ ಮಾತ್ರ ಕೊಡೋದಂತೆ."

"ಮಿತಿ ಎಷ್ಟಕ್ಕಿಟ್ಟಿದೀಯ?"

"ಎರಡು ಸಾವಿರ."

"ತಿಂಗಳಿಗಾ?"

"ವಾರಕ್ಕೆ ಕಣೇ."

"ಅಬ್ಬಾ, ರಾಣಿ! ಮುಂದಿನ ವರ್ಷ ಕ್ಲಬ್ಬನ್ನೇ ಕೊಂಡ್ಕೋ," ಎಂದು ಯಾರೋ ಕಿಚಾಯಿಸಿದರು, ಎಲ್ಲರೂ ನಕ್ಕರು. ಲೆನ್ಚೆ ನಗಲಿಲ್ಲ. ಸುಟ್ಟ ಸಿಪ್ಪೆಯನ್ನು ಬೆರಳಿನಿಂದ ಬಿಡಿಸುತ್ತಾ, ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಾ ಅಂದಳು: "ಮನೆ ಮೇಲೆ ಸಾಲ ತೆಗ್ದಿದೀನಿ. ನಂಗೆ ನಿಲ್ಸಕ್ಕಾಗ್ತಿಲ್ಲ ವೆಲಿಕಾ. ಬೇರೆ ಯಾರಾದ್ರೂ ಬಾಗಿಲು ಹಾಕ್ಬೇಕು."

ವೆಲಿಕಾ ಸಮಾಧಾನ ಮಾಡಲಿಲ್ಲ. ಅದು ಅವಳಿಗೆ ಬರುವುದೂ ಇಲ್ಲ. ಬರುವ ಅಕ್ಟೋಬರಿನ ಸಭೆಗೆ ಹೊಸ ಗೊತ್ತುವಳಿ ಬರೆಸಿದಳು: ಒಮ್ಮೆ ಹಾಕಿದ ಮಿತಿಯನ್ನು ಇಳಿಸುವುದು ಆ ಕ್ಷಣವೇ, ಏರಿಸುವುದು ಮೂರು ತಿಂಗಳಾದ ಮೇಲೆ; ಬೇಡ ಎಂದವರ ಕಾರ್ಡು ಅವರು ಹೇಳಿದಷ್ಟು ಕಾಲ ಬಂದ್; ಆಟಕ್ಕೆ ಅಂಕವೇ ಇಲ್ಲ. ಚಳಿ ಹಿಡಿದು ಬಿಡುವವರೆಗೂ ಆ ಕಿತ್ತಳೆ ಕೋಟು ಮನೆಮನೆಯ ಬಾಗಿಲು ಬಡಿಯಿತು.

ಈ ಸಲ ಹ್ಯಾಲೊರನ್ ಚಪ್ಪಾಳೆ ತಟ್ಟಲಿಲ್ಲ. ಬೇಸರದಿಂದ ತಲೆಯಾಡಿಸಿ, "ವೆಲಿಕಾ ಅವರ ಕಳಕಳಿ ನನಗೂ ಇದೆ. ಆದರೆ ತಾಂತ್ರಿಕವಾಗಿ ಇದು ಸಾಧ್ಯ ಇಲ್ಲ. ಒಬ್ಬ ಸದಸ್ಯರ ಕಾರ್ಡನ್ನ ತಿಂಗಳುಗಟ್ಟಲೆ ಬಂದ್ ಮಾಡೋಕೆ ನಮ್ಮ ಯಂತ್ರಕ್ಕೆ ಬರೋದೇ ಇಲ್ಲ," ಎಂದ. ಆಮೇಲೆ ಕೂರುವ ಮುನ್ನ, ಏನೋ ನೆನಪಾದವನಂತೆ ಸೇರಿಸಿದ: "ಅಂಕ ಹೋದರೆ ಹಸಿರು ಸದಸ್ಯರ ಮಂಗಳವಾರದ ಟೇಬಲ್ಲೂ ಹೋಗುತ್ತೆ, ಅದು ಎಲ್ಲರ ಗಮನದಲ್ಲಿರಲಿ."

ವಿರೋಧವಿರುವವರು ಕೈಯೆತ್ತಿ ಎಂದಾಗ ಹಸಿರು ದಾರದವರ ಕೈಗಳೆಲ್ಲ ಎದ್ದವು. ಅವುಗಳ ನಡುವೆ, ಸಿಪ್ಪೆ ಸುಲಿದು ಸುಲಿದು ಉಗುರಿನ ಸಂದಿಯ ಬಣ್ಣ ಎಂದೂ ಹೋಗದ ಲೆನ್ಚೆಯ ಕೈಯೂ ಇತ್ತು.

ಹೊರಗೆ ಕಾರುಗಳ ಮಧ್ಯೆ ಲೆನ್ಚೆ ಅಡ್ಡ ಬಂದು ನಿಂತಳು. "ಬಯ್ಯೇ, ಬಯ್ದುಬಿಡು. ಆ ಟೇಬಲ್ ಹೋದ್ರೆ ನಾನು ಯಾರ ಜೊತೆ ಕೂತು ಉಣ್ಲಿ ಹೇಳು?"

"ಕತ್ತೆ," ಎಂದಳು ವೆಲಿಕಾ. ಕಾರಿನ ಬಾಗಿಲು ತೆಗೆದು, ಹತ್ತಿ ಕೂತು, ಗಾಜು ಇಳಿಸಿ ಕೇಳಿದಳು: "ಮಂಗಳವಾರ ಎಷ್ಟೊತ್ತಿಗೆ ಹೋಗ್ತೀಯ?"

ಮುಂದಿನ ಮಂಗಳವಾರದಿಂದ ವೆಲಿಕಾ ಲೆನ್ಚೆಯ ಪಕ್ಕದ ಯಂತ್ರದ ಕುರ್ಚಿಯಲ್ಲಿ, ಯಂತ್ರಕ್ಕೆ ಬೆನ್ನು ಹಾಕಿ, ಕಿತ್ತಳೆ ಕೋಟಿನ ಎರಡೂ ಜೇಬುಗಳಿಂದ ವಾಲ್‌ನಟ್ಟು ತೆಗೆದು ಅಂಗೈಯಲ್ಲಿ ಒಡೆಯುತ್ತಾ ಕೂರತೊಡಗಿದಳು. ಒಂದು ಪೈಸೆ ಆಡಲಿಲ್ಲ. ಕೋಕ್ ಒಲೆಯ ಕಾಲದ ಪೋಲಿ ಕತೆಗಳನ್ನು ಹಜಾರಕ್ಕೆಲ್ಲ ಕೇಳುವ ಹಾಗೆ ಹೇಳಿದಳು.

"ಎದ್ದೋಗೇ, ನನ್ನ ಅದೃಷ್ಟ ಓಡಿಸ್ತಿದೀಯ!"

"ಅದು ಓಡಿ ಯಾವ ಕಾಲ ಆಯ್ತು ಮಗಾ. ಮನೆ ಪತ್ರಾನೂ ಕಂಕುಳಲ್ಲಿ ಇಟ್ಕೊಂಡೇ ಓಡಿದ್ದು. ನಟ್ಟು ತಿಂತೀಯಾ?"

ಲೆನ್ಚೆ ಬೈದಳು, ಅತ್ತಳು, ಒಮ್ಮೆ ನಟ್ಟಿನ ಸಿಪ್ಪೆಯನ್ನು ಮುಖಕ್ಕೆ ಎಸೆದಳು. ಆದರೂ ಪ್ರತಿವಾರ ಸ್ವಲ್ಪ ಬೇಗ ಎದ್ದಳು. ಅಷ್ಟರಲ್ಲಿ ಇನ್ನೂ ಕೆಲವರು ಹೆಂಗಸರು ಕತೆ ಕೇಳಲು ಕುರ್ಚಿ ತಿರುಗಿಸಿಕೊಂಡರು. ಬೆನ್ನು ತಿರುಗಿದ ಕುರ್ಚಿಗಳು ಎಂದರೆ ಕ್ಲಬ್ಬಿಗೆ ನಷ್ಟ. ಒಂದು ಮಂಗಳವಾರ ಹ್ಯಾಲೊರನ್ ಇಬ್ಬರು ಕಾವಲುಗಾರರೊಂದಿಗೆ ಬಂದು, ಸದಸ್ಯರ ನೆಮ್ಮದಿಗೆ ಭಂಗ ತಂದಿದ್ದಕ್ಕಾಗಿ ಅವಳನ್ನು ಮೂರು ವರ್ಷ ಹೊರಗಿಡಲಾಗಿದೆ ಎಂದು ತಿಳಿಸಿದ. ವೆಲಿಕಾ ಕೋಟು ಕೊಡವಿ, ಹೊರಳಿದ ಪಾದವನ್ನೆಳೆದುಕೊಂಡು ನಿಧಾನಕ್ಕೆ ನಡೆದು ಬಾಗಿಲು ಮುಟ್ಟುವಷ್ಟರಲ್ಲಿ ಅವಳ ಕಾರ್ಡು ಸತ್ತುಹೋಗಿತ್ತು. ಬಾಗಿಲಿನ ಕಂಬಕ್ಕೆ ಒತ್ತಿದಳು, ಕೆಂಪು ದೀಪ. ಕಾರು ಹತ್ತಿ ಹೊರಹೋಗುವ ತಡೆಗೋಲಿಗೆ ಒತ್ತಿದಳು, ಕೆಂಪು ದೀಪ.

ಕೂತಲ್ಲಿಂದಲೇ, ಬಾಗಿಲಲ್ಲಿ ನಿಂತ ಹ್ಯಾಲೊರನ್‌ಗೆ ಕೂಗಿದಳು: "ಮಗಾ, ನಿನ್ನ ಯಂತ್ರಕ್ಕೆ ಇದು ಬರಲ್ಲ ಅಂದಿದ್ಯಲ್ಲ?"

"ಇದು ಬೇರೆ ವಿಚಾರ ಮೇಡಂ."

ಎಲ್ಲವನ್ನೂ ಬಾಗಿಲ ಒಳಗೆ ನಿಂತು ನೋಡಿದ ಲೆನ್ಚೆ, ಆವತ್ತು ಊಟ ಬಿಟ್ಟು ಕೌಂಟರಿಗೆ ಹೋದಳು. ಹಸಿರು ದಾರವನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಳು. "ಅವಳದ್ದು ಮುಚ್ಚಿದ್ರಲ್ಲ, ಹಾಗೇ ನಂದೂ ಮುಚ್ಚಿ."

ಕೌಂಟರಿನ ಹುಡುಗಿ ಒಳ್ಳೆಯವಳೇ. "ಅಯ್ಯೋ ಚಿನ್ನಾ, ಅವ್ರು ತಪ್ಪು ಮಾಡಿದ್ದಕ್ಕೆ ಮುಚ್ಚಿದ್ದು. ನೀವೇನೂ ತಪ್ಪು ಮಾಡಿಲ್ವಲ್ಲ, ನೀವು ಹಸಿರು ಸದಸ್ಯರು," ಎಂದಳು. ಸದಸ್ಯರ ಕ್ಷೇಮಾಧಿಕಾರಿ ಗುರುವಾರ ಸಿಗುತ್ತಾರೆ, ಅಲ್ಲಿಯವರೆಗೆ ಚೆನ್ನಾಗಿ ಯೋಚನೆ ಮಾಡಿ ಎಂದು ಹೇಳಿ, ಒಂದು ಕಾಫಿಯ ಚೀಟಿ ಕೊಟ್ಟಳು. ಬುಧವಾರದವರೆಗೆ ಅಂಕ ಎರಡರಷ್ಟು ಎಂದು ನೆನಪಿಸಲು ಮರೆಯಲಿಲ್ಲ; ಹಾಗೆ ನೆನಪಿಸದಿದ್ದರೆ ಅವಳ ಕೆಲಸ ಹೋಗುತ್ತದೆ.

ವೆಲಿಕಾಳಂಥವರನ್ನು ಊರು ತಕರಾರಿನವರು ಎನ್ನುತ್ತದೆ, ತಪ್ಪೇನಿಲ್ಲ. ಇಂಥವರು ನೆರೆಮನೆಯಲ್ಲಿದ್ದರೆ ನಿದ್ದೆ ಕಷ್ಟ, ಮದುವೆಗೆ ಕರೆದರೆ ಮದುವೆ ಕೆಡುತ್ತದೆ. ಇವರ ಧೈರ್ಯವನ್ನು ಹೊಗಳುವುದೂ ಬೇಡ. ಧೈರ್ಯ ಬಹಳ ಜನಕ್ಕಿದೆ, ಮೆರವಣಿಗೆಯ ದಿನ ಅದು ರಸ್ತೆ ತುಂಬಾ ಹರಿಯುತ್ತದೆ. ನಮ್ಮ ಬೇಡಿಕೆಗೆ ಮುಖ ತಿರುಗಿಸುವ ಧಣಿಯನ್ನು ನಾವೆಲ್ಲರೂ ಗುರುತಿಸಬಲ್ಲೆವು. ಅದೇ ಬೇಡಿಕೆಯನ್ನು ತಬ್ಬಿಕೊಂಡು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಬಣ್ಣ ಬಳಿದು ನಮಗೇ ಬಲೆಯಾಗಿ ಹಿಂದಿರುಗಿಸುವವನ ಮುಂದೆ ನಾವು ಕೃತಜ್ಞರಾಗಿ ಮನೆಗೆ ಹೋಗಿಬಿಡುತ್ತೇವೆ. ಕೊಟ್ಟದ್ದು ಏನಾಯಿತು ಎಂದು ಮಾರನೆಯ ವಾರ ಮತ್ತೆ ಹೋಗಿ ನೋಡುವ ದುರಭ್ಯಾಸವೊಂದೇ ಇಂಥವರ ಹೆಚ್ಚುಗಾರಿಕೆ. ಕಳೆದುಕೊಳ್ಳುವವರಿಂದಲೇ ಹೊಟ್ಟೆ ಹೊರೆಯುವವನ ಕೈಗೆ ಕಳೆದುಕೊಳ್ಳುವವರ ಕಾವಲನ್ನು ಕೊಟ್ಟು, ಅವನು ಹಂಚುವ ಬಹುಮಾನವನ್ನು ಜವಾಬ್ದಾರಿ ಎಂದು ಕರೆಯುವಷ್ಟು ನಾವು ಸೋಮಾರಿಗಳಾಗಿರುವಾಗ, ಇಂಥವರ ತಕರಾರೊಂದೇ ನಮ್ಮಲ್ಲುಳಿದಿರುವ ಎಚ್ಚರ. ಆ ಎಚ್ಚರವನ್ನೂ ಈಗ ಬಾಗಿಲಾಚೆ ಹಾಕಿದ್ದಾರೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಲೆನ್ಚೆ ಆ ಕೌಂಟರಿನ ಮುಂದೆ ನಿಂತಿರುತ್ತಾಳೆ. ಅವಳ ಕೈಗೆ ಇನ್ನೊಂದು ಚೀಟಿ ಬರುತ್ತದೆ. ಒಬ್ಬಳೇ ಇದ್ದರೆ ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಾಳೆ, ಮನೆ ಹೋಗುತ್ತದೆ. ವೆಲಿಕಾ ಹೊಸಿಲು ದಾಟುವಂತಿಲ್ಲ. ನಿಮ್ಮನ್ನು ಯಾರೂ ತಡೆದಿಲ್ಲ. ಅಯ್ಯೋ ಪಾಪ ಅನ್ನುವುದನ್ನು ಬಿಡಿ. ಬಂದು ಲೆನ್ಚೆಯ ಪಕ್ಕ ನಿಲ್ಲಿ, ಅವಳ ಕಾರ್ಡು ಸಾಯುವವರೆಗೂ ಅಲ್ಲಿಂದ ಕದಲಬೇಡಿ.