ಅವ್ವ ಎತ್ತಿಟ್ಟ ಬಿಳಿ

ಕಿಟಕಿಯ ಬಿಸಿಲು ನನ್ನ ಚಿತ್ರದ ಬಿಳಿಯ ಮೇಲೆ ಬಿದ್ದು ಮೆಲ್ಲಗೆ ಸರಿಯುತ್ತಿದೆ, ಕಡೂರಿನ ಈ ಪ್ರದರ್ಶನದ ಹಾಲ್‌ನಲ್ಲಿ ಬೇರೆ ಮೇಷ್ಟ್ರುಗಳ ಚಿತ್ರಗಳೂ ಇವೆ, ಆದರೂ ಪಂಕಜಾಕ್ಷಿ ಅಕ್ಕ ಇದರ ಮುಂದೆಯೇ ನಿಂತುಬಿಟ್ಟಿದ್ದಾಳೆ, ಸಿಂಗಟಗೆರೆ ಬಸ್ಸಿನ ಧೂಳು ಇನ್ನೂ ಸೆರಗಿನಲ್ಲಿದೆ — ಇದೇನೋ ಜಯದೇವ, ಹಸ ಇಲ್ಲ, ಮರ ಇಲ್ಲ, ಅರ್ಧ ಸಾರ್ಸಿ ಬಿಟ್ಟ ಗೋಡೆ ಇದ್ದಂಗೈತೆ, ಇದಕ್ಕೆ ಬಹುಮಾನ ಬೇರೆ ಕೊಟ್ರಾ — ನಗುತ್ತಾಳೆ, ನಾನೂ ನಗುತ್ತೇನೆ, ಕೆಂಪು ತರೀಕೆರೆ ದಾರಿಯ ಕೆಮ್ಮಣ್ಣು ಕಣಕ್ಕಾ, ಕಪ್ಪು ಬೀರೂರು ಸ್ಟೇಷನ್ನಿನ ಇಂಜಿನ್ ಮಸಿ, ಈ ಕಿತ್ತಳೆ ಮುತ್ತುಗದ ಹೂವು, ಎಲ್ಲ ನಾನೇ ಅರೆದು ಜಾಲಿ ಅಂಟು ಬೆರೆಸಿದ್ದು — ಬಿಳೀದು ಯಾವುದೋ, ಅಂದಳು, ಸುಣ್ಣ ಕಣಕ್ಕಾ, ಅಂದುಬಿಟ್ಟೆ, ಶಿವನೇ, ಸುಣ್ಣ ಕಣ್ಣಿಗೆ ಹೊಡೆಯುತ್ತಿತ್ತು, ಸೀಮೆಸುಣ್ಣಕ್ಕೆ ಜೀವ ಇರಲಿಲ್ಲ, ನನಗೆ ಬೇಕಾಗಿದ್ದದ್ದು ಬೆಳಗಿನ ಪೂಜೆಯಲ್ಲಿ ಅವ್ವನ ಹಣೆಯ ಮೇಲೆ, ನೀರು ಆರುತ್ತಾ ಆರುತ್ತಾ ಮೂಡುತ್ತಿತ್ತಲ್ಲ, ಆ ಬಿಳಿ, ಅದು ಅಟ್ಟದ ಬಿದಿರುಬುಟ್ಟಿಯಲ್ಲಿತ್ತು, ಮಠದ ಅಂಗಳದಲ್ಲಿ ಕೂತು ಅವ್ವ ತಾನೇ ಕಟ್ಟಿದ ಒಂಬತ್ತು ವಿಭೂತಿ ಗಟ್ಟಿ, ಒಂದೊಂದರ ನೆತ್ತಿಯಲ್ಲೂ ಅವಳ ಹೆಬ್ಬೆಟ್ಟು ಒತ್ತಿದ ಗುಳಿ — ನನ್ನ ಮಣ್ಣಾಗೆ ಕೂರಿಸ್ತೀರಲ್ಲ, ಆವಾಗ ಸುತ್ತ ಇವನ್ನೇ ಇಡ್ರಪ್ಪಾ, ಅಂಗಡೀದು ತರಬ್ಯಾಡ್ರಿ, ಅನ್ನುತ್ತಿದ್ದಳು — ಬಣ್ಣಕ್ಕೆ ತೆಗೆಯುವುದು ಒಂದು ತಾನೇ ಅಂದುಕೊಂಡೆ, ಅವ್ವ ಗಟ್ಟಿಮುಟ್ಟಾಗಿದ್ದಳು, ಬದಲಿಗೆ ಮತ್ತೊಂದು ಕಟ್ಟಿಸಿದರಾಯ್ತು, ಒಂದು ಹೋಗಿ ಎರಡಾಯ್ತು, ಮೂರು, ನಾಲ್ಕು, ಹಲಗೆಯ ಮೇಲೆ ಆ ಬಿಳಿ ಒಣಗುತ್ತಾ ಬೆಳಗಿದಾಗ ಕೈಮುಗಿದೆ, ಕದ್ದ ಕೈಯಲ್ಲೇ ಮುಗಿದೆನಲ್ಲ — ಎಪ್ಪತ್ತೊಂಬತ್ತನೇ ಇಸವಿಯ ಆಷಾಢದಲ್ಲಿ ಮಲಗಿದ ಅವ್ವ ಏಳಲಿಲ್ಲ, ಬುಟ್ಟಿ ಇಳಿಸಿದವಳು ಇದೇ ಅಕ್ಕ, ಐದೇ ಅವೆ ಕಣೋ, ಒಂಬತ್ತು ಅಂತಿದ್ಲಲ್ಲ ಅವ್ವ, ಇಲಿ ತಿಂದಿರ್ಬೇಕು ಅಂದೆ, ಲೇ, ವಿಭೂತಿ ತಿನ್ನೋ ಭಕ್ತ ಇಲಿ ನಿಮ್ಮನೇಲೇ ಹುಟ್ಟಿರ್ಬೇಕು ಕಣೋ, ಎಂದ ಸೋಮಶೇಖರಪ್ಪ ಮಾವ, ಆ ಅಳುವಿನ ನಡುವೆಯೂ ಯಾರೋ ನಕ್ಕರು, ಅಜ್ಜಂಪುರದ ಅಂಗಡಿಗೆ ಸೈಕಲ್ ಓಡಿತು, ಗುಂಡಿಯೊಳಗೆ ಕೂತ ಅವ್ವನ ಬಲಕ್ಕೆ ಅವಳವು ಐದು, ಎಡಕ್ಕೆ ಅಂಗಡಿಯವು ನಾಲ್ಕು, ನುಣ್ಣಗೆ, ಗುಳಿಯಿಲ್ಲದೆ, ನಾನೇ ಇಳಿದು ಇಟ್ಟೆ — ಅಕ್ಕ ಚಿತ್ರದ ಹತ್ತಿರ ಹೋಗಿದ್ದಾಳೆ, ಮುಟ್ಟಬೇಡಿ ಎಂಬ ಚೀಟಿ ಇದೆ, ಮುಟ್ಟಿದಳು, ಮೂರು ಬೆರಳು ರೂಢಿಯಂತೆ ತಾವಾಗಿಯೇ ಹಣೆಗೆ ಹೋದವು, ಅಲ್ಲೇ ನಿಂತವು — ಜಯದೇವ, ಇದು ಸುಣ್ಣ ಅಲ್ಲ ಕಣೋ — ನಗು ಇಲ್ಲ, ತಿರುಗಿ ನೋಡುತ್ತಿಲ್ಲ, ನಾನೇ ಹೇಳಲಿ ಅಂತ ಕಾಯುತ್ತಿದ್ದಾಳೆ, ಹೇಳು, ಈಗಲಾದರೂ ಹೇಳು, ಬಿಸಿಲು ಚಿತ್ರದಿಂದ ಜಾರಿತು, ಕಣ್ಣ ಮುಂದೆ ಆ ಗಟ್ಟಿಗಳನ್ನು ತೇದ ಕಲ್ಲು, ಹಿಡಿತಕ್ಕೆಂದು ನನ್ನ ಹೆಬ್ಬೆಟ್ಟನ್ನು ಅವ್ವನ ಗುಳಿಯೊಳಗೇ ಇಟ್ಟಿದ್ದೆ, ಅಳತೆ ಮಾಡಿಸಿದಂತೆ ಕೂತಿತ್ತು, ತೇದೆ, ತೇದೆ, ಅಡಿಯೆಲ್ಲ ಸವೆದು ಕೊನೆಗೆ ಬೆರಳಡಿ ಉಳಿದದ್ದು ಬರೀ ಆ ಗುಳಿ, ಅವ್ವನ ಹೆಬ್ಬೆಟ್ಟಿನ ಗುಳಿ, ಗುಳಿ —