ಕೊನೆಯ ಹಾಡಿನ ನಡುಕ

“ನನ್ನ ಮಗಳು ಅಳ್ತಾ ಹಾಡಿದ್ದಾಳೆ. ಇವನು ಒಪ್ಪಲ್ಲ,” ಎಂದರು ತಾಯಿ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ. “ಕಿವುಡಿಗೆ ಕೇಳ್ಸಿದ್ದು ಕಿವಿ ನೆಟ್ಟಗಿರೋನಿಗೆ ಕೇಳ್ಸಿಲ್ಲ ಅಂದ್ರೆ ಏನು ಹೇಳೋದು ಡಾಕ್ಟರಮ್ಮ?”

“ನಾನು ಡಾಕ್ಟರಲ್ಲ ಅಮ್ಮ, ಕಿವಿ ಪರೀಕ್ಷೆ ಮಾಡೋಳು,” ಎಂದು ಶ್ರವಣತಜ್ಞೆ ಹಿಂದಿನ ಸಲದಂತೆ ಈ ಸಲವೂ ತಿದ್ದಿದಳು.

“ಬಿಳಿ ಕೋಟು ಹಾಕಿದೀರಲ್ಲ, ಸಾಕು.”

ತಾಯಿ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ಆಯುಷ್ಯ ಕಳೆದವರು. ಅಲ್ಲಿಯ ಸದ್ದು ಅವರ ಶ್ರವಣದ ಮೇಲಿನ ಅರ್ಧವನ್ನು, ಅಂದರೆ ಏರುಸ್ಥಾಯಿಯ ಸದ್ದುಗಳನ್ನು, ತಿಂದುಹಾಕಿತ್ತು. ಕಳೆದ ತಿಂಗಳು ಒಬ್ಬರೇ ಬಂದು ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡು ಹೋಗಿದ್ದರು. ನಿಮಗೆ ಮುಖ್ಯವಾಗಿ ಏನು ಕೇಳಿಸಬೇಕು ಎಂದು ಶ್ರವಣತಜ್ಞೆ ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದ್ದಳು. ಅವರು ಬೇರೆ ಕಡೆ ನೋಡುತ್ತ, “ಎಲ್ಲರಿಗೂ ಏನು ಬೇಕೋ ಅದೇ, ಮಾತು,” ಎಂದಿದ್ದರು. ಅವಳು ಮಿಷನ್ನನ್ನು ಮಾತಿಗೆ ಹೊಂದಿಸಿ ಕಳುಹಿಸಿದ್ದಳು.

ಈ ಸಲ ಜೊತೆಗೆ ಮಗ ಬಂದಿದ್ದ. ವೈರಿಂಗ್ ಕೆಲಸದವನು, ಅಂಗಿಯ ಜೇಬಿನಲ್ಲಿ ಟೆಸ್ಟರ್ ಹಾಗೇ ಇತ್ತು. ಅಮ್ಮನ ಪಕ್ಕದ ಕುರ್ಚಿ ಖಾಲಿಯಿದ್ದರೂ ಗೋಡೆಗೆ ಒರಗಿ ನಿಂತಿದ್ದ.

“ಮೇಡಂ, ನಮ್ಮಕ್ಕ ಹಾಡು ಬರೆದು ಹಾಡೋಳು. ಹೋಗಿಬಿಟ್ಲು. ಕೊನೆಗೆ ಹಾಡಿದ್ದನ್ನೆಲ್ಲ ಸೇರಿಸಿ ಈಗ ಆಲ್ಬಮ್ ಬಿಟ್ಟಿದ್ದಾರೆ. ರೆಕಾರ್ಡ್ ಮಾಡ್ದಾಗ ನಾನೇ ಇದ್ದೆ. ಅವಳ ರೂಮಿನ ಕಿಟಕಿಗೆ ರಜಾಯಿ ಹೊಡೆದು, ಫ್ಯಾನ್ ನಿಲ್ಲಿಸಿ, ನಾನೇ ಬಟನ್ ಒತ್ತಿದ್ದು. ಅಳ್ಲಿಲ್ಲ ಅವಳು. ಅಮ್ಮ ಮಾತ್ರ, ಅಳೋ ರೋಗಿಷ್ಟೆಯನ್ನ ಕೂರಿಸಿ ಹಾಡಿಸ್ದ ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ದಾಳೆ.”

“ಬೀದಿಗೆಲ್ಲ ಎಲ್ಲಿ ಹೇಳ್ದೆ? ಪಕ್ಕದ ಮನೆಯೋಳಿಗೆ ಹೇಳ್ದೆ.”

“ಅವಳಿಗೆ ಹೇಳಿದ್ರೆ ಡಂಗುರ ಬೇರೆ ಯಾಕೆ?”

ಯಾವ ಹಾಡು ಎಂದು ಶ್ರವಣತಜ್ಞೆ ಕೇಳಿದಳು. ಮಗ ಫೋನಿನಲ್ಲಿ ಹಾಕಿದ. ಮೊದಲ ಉಸಿರಿಗೇ ಅದು ಯಾರ ದನಿಯೆಂದು ಅವಳಿಗೆ ಗೊತ್ತಾಯಿತು.

ಕಾಲೇಜಿನ ದಿನಗಳಲ್ಲಿ ಅವಳು ಈ ಗಾಯಕಿಗಾಗಿ ಸಭಾಂಗಣದ ಹಿಂದಿನ ಗೋಡೆಗೆ ಆತು ನಿಂತು ಕೇಳಿದವಳು. ಭೌತಶಾಸ್ತ್ರದ ಪರೀಕ್ಷೆಗೆ ಓದಿದ್ದು, ಅಪ್ಪನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾದದ್ದು, ಎಲ್ಲವೂ ಈ ದನಿಯ ಜೊತೆಗೇ ನಡೆದಿತ್ತು. ಆಲ್ಬಮ್ ಬಂದ ದಿನ ಮನೆಯ ನೆಲದ ಮೇಲೆ ಮಲಗಿ ಆರಂಭದಿಂದ ಕೊನೆಯವರೆಗೆ ಕೇಳಿದ್ದಳು. ಕೊನೆಯ ಹಾಡಿನ ಅಂತ್ಯದಲ್ಲಿ ಪದಗಳು ಮುಗಿದು ಒಂದು ಸ್ವರ ಮಾತ್ರ ಉಳಿಯುತ್ತದೆ. ಗಾಯಕಿ ಅದನ್ನು ಹಿಡಿದು ನಿಲ್ಲುತ್ತಾಳೆ. ಸಾಯುತ್ತಿರುವವಳಿಗೆ ಅಷ್ಟು ಉಸಿರು ಎಲ್ಲಿಂದ ಬಂತೆಂಬ ಕುತೂಹಲಕ್ಕೆ ಶ್ರವಣತಜ್ಞೆ ಅದನ್ನು ಇದೇ ಕೋಣೆಯ ಪರದೆಯ ಮೇಲೆ ಚಿತ್ರವಾಗಿ ಬಿಡಿಸಿ ನೋಡಿದ್ದಳು. ಪಟ್ಟಿ ಇಟ್ಟು ಎಳೆದಂಥ ಗೆರೆ. ಎಲ್ಲೂ ಕಂಪಿಸಿರಲಿಲ್ಲ.

“ಅಮ್ಮ, ನಿಮಗೆ ಎಲ್ಲಿ ಅತ್ತ ಹಾಗೆ ಕೇಳ್ಸುತ್ತೆ?”

“ಕೊನೇಲಿ. ಎಳೀತಾಳಲ್ಲ, ಅಲ್ಲಿ. ದನಿ ಅಲ್ಲಾಡುತ್ತೆ. ಚಿಕ್ಕೋಳಿದ್ದಾಗ ಬಿದ್ದು ಮಂಡಿ ಒಡ್ಕೊಂಡ್ರೂ ಅಳ್ತಿರ್ಲಿಲ್ಲ ಅವಳು. ಮೊಂಡಿ ಅಂತಲೇ ಕರೀತಿದ್ದೆ. ಏನೂ ಆಗಿಲ್ಲ ಅಂತ ಹೇಳೋಳು, ಹೇಳೋವಾಗ ದನಿ ಹೀಗೇ ಅಲ್ಲಾಡೋದು. ಅವನಿಗೇನು ಗೊತ್ತು, ಆಮೇಲೆ ಹುಟ್ಟಿದೋನು.”

ಆಮೇಲೆ ಯಾರೂ ಕೇಳದಿದ್ದರೂ ತಾಯಿ ಉಳಿದದ್ದನ್ನು ಹೇಳಿದರು. ಮಗಳು ಮಿಷನ್ ಹಾಕಿಸಿಕೋ ಎಂದು ವರ್ಷಗಟ್ಟಲೆ ಹೇಳಿದ್ದಳು. ಇವರು ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಒಂದು ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲೇ ಕೂತು ತೂಕಡಿಸಿದ್ದರು; ಕೇಳಿಸದವರಿಗೆ ಹಾಡೂ ಒಂದೇ, ಕತ್ತಲೆಯೂ ಒಂದೇ. ಮನೆಗೆ ಬಂದ ಮೇಲೆ ಮಗಳು, “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು,” ಎಂದಳು. ಆ ಒಂದು ಮಾತನ್ನು ಮಾತ್ರ ಕಿರುಚಿಯೇ ಹೇಳಿದ್ದರಿಂದ ಅದು ಚೆನ್ನಾಗಿ ಕೇಳಿಸಿತು. ತಾಯಿ ಮಾತು ಬಿಟ್ಟರು. ಮಗಳು, ಒಂದಾದರೂ ಹಾಡು ಪೂರ್ತಿ ಕೇಳಿ ಬಾ, ಆಮೇಲೆ ಮಾತಾಡೋಣ ಎಂದಳು. ಕಾಯಿಲೆಯ ಸುದ್ದಿಯನ್ನು ಹೇಳಲೇ ಇಲ್ಲ.

“ನಾನು ಹೋಗೋಹೊತ್ತಿಗೆ ಬಾಯಲ್ಲಿ ಪೈಪ್ ಇತ್ತು. ಕಣ್ಣು ತೆರೀಲಿಲ್ಲ. ನಾನು ಬೇಕಾಗಿದ್ನೋ ಬೇಡವಾಗಿದ್ನೋ ಯಾರನ್ನ ಕೇಳ್ಲಿ? ಈಗ ಗೊತ್ತಾಯ್ತು. ಅಷ್ಟು ಗಟ್ಟಿಗಿತ್ತಿ ಅಳ್ತಾಳೆ ಅಂದ್ರೆ ಅಮ್ಮ ನೆನಪಾದ್ಲು ಅಂತಲೇ ತಾನೆ?”

ಮಗ ಗೋಡೆಯ ಸ್ವಿಚ್ ಬೋರ್ಡನ್ನು ನೋಡುತ್ತಿದ್ದ.

ಶ್ರವಣತಜ್ಞೆ ಅವರ ಬಲಗಿವಿಯ ಮಿಷನ್ನನ್ನು ತೆಗೆದುಕೊಂಡಳು. ಅದರ ಸದ್ದನ್ನು ನೇರವಾಗಿ ಕೇಳಲು ಸ್ಟೆತಾಸ್ಕೋಪಿನಂಥ ಒಂದು ಸಣ್ಣ ನಳಿಗೆ ಇರುತ್ತದೆ. ಅದನ್ನು ಸಿಕ್ಕಿಸಿ ತನ್ನ ಕಿವಿಗಿಟ್ಟುಕೊಂಡು, ಕೊನೆಯ ಹಾಡನ್ನು ಮತ್ತೆ ಹಾಕಲು ಹೇಳಿದಳು.

ಪದಗಳು ಮುಗಿದವು. ಸ್ವರ ಎದ್ದಿತು, ಒಂದು ಕ್ಷಣ ನಿಂತಿತು, ನಡುಗತೊಡಗಿತು. ಗಂಟಲು ಕಟ್ಟಿದವಳು ಬಿಗಿಹಿಡಿದು ಹಾಡಿದ ಹಾಗೆ, ಬಿಟ್ಟುಬಿಟ್ಟು, ಒದ್ದೆಯಾಗಿ. ಕಾರಣ ಗೊತ್ತಿದ್ದೂ ಶ್ರವಣತಜ್ಞೆಯ ಕಣ್ಣು ತುಂಬಿತು. ಪಕ್ಕಕ್ಕೆ ತಿರುಗಿ ನಳಿಗೆಯನ್ನು ಒರೆಸಿದಳು.

ಕಾರಣ ಸರಳವಾಗಿತ್ತು. ಇಂಥ ಮಿಷನ್ನುಗಳು ಕೆಲವೊಮ್ಮೆ ತಮ್ಮದೇ ಸದ್ದನ್ನು ತಾವೇ ಕೇಳಿಸಿಕೊಂಡು ಕುಯ್ಯೆಂದು ಶಿಳ್ಳೆ ಹಾಕುತ್ತವೆ. ಅದನ್ನು ತಡೆಯಲು ಒಳಗೆ ಒಂದು ಕಾವಲು ಇರುತ್ತದೆ: ಬದಲಾಗದ ಸದ್ದು ಬಂದರೆ ಅದನ್ನು ಶಿಳ್ಳೆಯೆಂದು ಬಗೆದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸೇರಿಸಿ ಅಳಿಸಲು ನೋಡುತ್ತದೆ. ಮಾತಿನಲ್ಲಿ ಯಾವ ಸದ್ದೂ ಅಷ್ಟು ಹೊತ್ತು ಒಂದೇ ಸಮ ನಿಲ್ಲುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಹಾಡಿನಲ್ಲಿ ನಿಲ್ಲುತ್ತದೆ. ದನಿ ಎಷ್ಟು ಸ್ಥಿರವಾಗಿದ್ದರೆ ಕಾವಲು ಅಷ್ಟು ಜೋರಾಗಿ ಅದರ ಬೆನ್ನು ಹತ್ತುತ್ತದೆ. ಗಾಯಕಿ ನಡುಗದೆ ಹಾಡಿದ್ದಕ್ಕೇ ಅಮ್ಮನ ಕಿವಿಯಲ್ಲಿ ನಡುಗುತ್ತಿದ್ದಳು. ಸಂಗೀತ ಕೇಳುವವರಿಗೆ ಈ ಕಾವಲನ್ನು ಸಡಿಲಿಸಿದ ಬೇರೆ ಪ್ರೋಗ್ರಾಂ ಕೊಡಬೇಕು. ಶ್ರವಣತಜ್ಞೆ ಕೊಟ್ಟಿರಲಿಲ್ಲ.

ತಪ್ಪು ತನ್ನದಾದ್ದರಿಂದ ಸರಿಪಡಿಸುವುದೂ ತನ್ನದೇ ಎಂದು ಅವಳು ಅಂದುಕೊಂಡಳು. ಮಗಳು ಸಂಕಟಪಡದೆ ಹಾಡಿದಳೆಂದು ತಿಳಿದರೆ ಯಾವ ತಾಯಿಗಾದರೂ ಸಮಾಧಾನವಾದೀತು ಎಂದೂ ಅಂದುಕೊಂಡಳು. ಎರಡನೆಯದನ್ನು ಅವಳು ಪರೀಕ್ಷಿಸಿ ನೋಡಿರಲಿಲ್ಲ.

ಅವರನ್ನು ಪರೀಕ್ಷೆಯ ಗೂಡಿಗೆ ಕರೆದೊಯ್ದಳು. ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಸ್ಪಂಜು, ಒಂದು ಕುರ್ಚಿ, ಎರಡು ಸ್ಪೀಕರ್. ಮಗ ಬಾಗಿಲಲ್ಲಿ ನಿಂತ. ಕಾವಲಿನ ವಿಷಯವನ್ನು ಶ್ರವಣತಜ್ಞೆ ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು. ತಾಯಿ ತಲೆಯಾಡಿಸಿದರು. ಮಗ್ಗದಲ್ಲೂ ಹಾಗೇ, ಎಳೆ ಬಿಗಿಯಾಗಿದ್ದಷ್ಟೂ ಅದುರೋದು ಜಾಸ್ತಿ ಎಂದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ಹೊಸ ಪ್ರೋಗ್ರಾಂ ಹಾಕಿ ಅವಳು ಕೊನೆಯ ಹಾಡನ್ನು ಮೊದಲಿನಿಂದ ಬಿಟ್ಟಳು. ತಾಯಿ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ಕೇಳಿದರು. ಪದಗಳು ಮುಗಿದವು. ಸ್ವರ ಎದ್ದಿತು. ನಿಂತಿತು. ಏನೂ ಆಗಲಿಲ್ಲ. ಅದು ತನ್ನಷ್ಟಕ್ಕೆ ನಿಂತೇ ಇತ್ತು, ಯಾರಿಗೂ ಕಾಯದ ಹಾಗೆ, ಆಮೇಲೆ ಮುಗಿಯಿತು.

“ಇದೇ ನಿಜವಾದದ್ದಾ?”

“ಹೌದಮ್ಮ.”

“ಹಾಗಾದ್ರೆ ಅಳ್ಲಿಲ್ಲ.”

“ಇಲ್ಲಮ್ಮ.”

ಅವರು ಬಾಗಿಲ ಕಡೆ ತಿರುಗಿದರು. “ಬಾರೋ ಇಲ್ಲಿ. ನಿಜ ಹೇಳು. ನನ್ನ ಕೇಳಿದ್ಲಾ?”

ಇಷ್ಟು ದಿನ ನಿಜವನ್ನೇ ಹಿಡಿದು ಜಗಳವಾಡಿದ್ದ ಮಗ ಟೆಸ್ಟರನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಹಾಕಿದ.

“ಕೇಳಿದ್ಲೋ ಇಲ್ವೋ ಅಷ್ಟು ಹೇಳು.”

“ಯಾರನ್ನೂ ಕೇಳ್ಲಿಲ್ಲಮ್ಮ. ಅಮ್ಮನಿಗೆ ಹೇಳ್ಲಾ ಅಂತ ನಾನೇ ಕೇಳಿದ್ದೆ. ಬೇಡ, ಹಾಡು ಮುಗೀಲಿ ಅಂದ್ಲು.”

“ಮುಗಿದ ಮೇಲೆ?”

“ಮುಗಿದ ಮೇಲೆ ಮಲಗಿದ್ಲು.”

ಆ ಗೂಡಿನಲ್ಲಿ ಸದ್ದು ಎಲ್ಲಿಗೂ ಹೋಗಿ ತಿರುಗಿ ಬರುವುದಿಲ್ಲ. ಮಾತು ನಿಂತರೆ ತನ್ನ ರಕ್ತ ಹರಿಯುವುದೇ ಕೇಳಿಸುತ್ತದೆ. ಶ್ರವಣತಜ್ಞೆ ಅದನ್ನೇ ಕೇಳುತ್ತ ನಿಂತಿದ್ದಳು.

“ಮೊಂಡಿ,” ಎಂದರು ತಾಯಿ ಕೊನೆಗೆ. ಎದ್ದು ಸೆರಗು ಸರಿಮಾಡಿಕೊಂಡರು. “ಸರಿ ಕಣೋ, ನೀನು ಹೇಳಿದ್ದೇ ಸರಿ. ಇನ್ನು ಯಾರ ಹತ್ರಾನೂ ಹೇಳಲ್ಲ.” ಗೂಡಿನಿಂದ ಹೊರಗೆ ಬಂದ ಮೇಲೆ, “ಹಳೇದನ್ನ ಅಳಿಸಿಬಿಟ್ರಾ?” ಎಂದು ಕೇಳಿದರು.

“ಇಲ್ಲಮ್ಮ, ಎರಡೂ ಇದೆ. ಹಿಂದೆ ಗುಂಡಿ ಇದೆಯಲ್ಲ, ಒತ್ತಿ. ಒಂದು ಬೀಪ್ ಬಂದ್ರೆ ಮಾತಿಗೆ. ಎರಡು ಬೀಪ್ ಬಂದ್ರೆ ಹಾಡಿಗೆ.”

ಮಗ ಅಮ್ಮನ ಚೀಲ ತೆಗೆದುಕೊಂಡ. ಮೆಟ್ಟಿಲಿಳಿಯುವಾಗ ಮೊಣಕೈ ಹಿಡಿದುಕೊಂಡ. ತಾಯಿ ಬಿಡಿಸಿಕೊಳ್ಳಲಿಲ್ಲ.

ಆ ವಾರ ಶ್ರವಣತಜ್ಞೆ ಮನೆಯಲ್ಲಿ ಆಲ್ಬಮ್ ಹಾಕಿದಳು. ಕೊನೆಯ ಸ್ವರ ಬಂದಾಗ, ಅದು ನಡುಗಬೇಕಾದ ಜಾಗದಲ್ಲಿ ನಡುಗಲೆಂದು ತಾನು ಕಾಯುತ್ತಿರುವುದು ಅವಳ ಗಮನಕ್ಕೆ ಬಂತು. ಅಪ್ಪನ ಆಸ್ಪತ್ರೆಯ ಕಾರಿಡಾರಿನಲ್ಲಿ ಧೈರ್ಯ ಕೊಟ್ಟಿದ್ದ ಅದೇ ದನಿ ಈಗ ಬಾಗಿಲು ಹಾಕಿಕೊಂಡು ಒಳಗೆ ಹಾಡುತ್ತಿದ್ದಂತಿತ್ತು. ಹಾಡು ಮುಗಿಯುವ ಮೊದಲೇ ನಿಲ್ಲಿಸಿದಳು.

ಮುಂದಿನ ಸಲ ತಾಯಿ ಒಬ್ಬರೇ ಬಂದರು. ಮಿಷನ್ನಿನ ಬಾಯಿಗಿರುವ ಸಣ್ಣ ಸೋಸುಬಿಲ್ಲೆಯಲ್ಲಿ ಕಿವಿಯ ಗುಗ್ಗೆ ಕಟ್ಟಿತ್ತು. ಅವರು ಇಳಿದುಹೋಗಿದ್ದರು, ರವಿಕೆಯ ತೋಳು ಸಡಿಲವಾಗಿತ್ತು. ಮಗ ಹೇಗಿದ್ದಾರೆ ಎಂದು ಶ್ರವಣತಜ್ಞೆ ಕೇಳಿದಳು.

“ಚೆನ್ನಾಗಿದ್ದಾನೆ. ಈಗ ದಿನಾ ಬಂದು ಊಟ ಮಾಡ್ತಾನೆ. ಜಗಳ ಇಲ್ಲ.”

“ಹಾಡು ಸರಿಯಾಗಿ ಕೇಳ್ತಾ ಇದೆಯಾ?”

ತಾಯಿ ಬಾಗಿಲು ಮುಚ್ಚಿದೆಯೇ ಎಂದು ನೋಡಿದರು.

“ಅವನೆದುರು ಎರಡು ಬೀಪ್ ಹಾಕ್ಕೊಂಡು ಕೂತ್ಕೋತೀನಿ. ಅವನು ಎದ್ದು ಹೋದ ಮೇಲೆ ಒಂದು. ಸುಳ್ಳು ಅಂತ ಗೊತ್ತು ಡಾಕ್ಟರಮ್ಮ. ನೀವು ಹೇಳಿದ್ದು ಅರ್ಥ ಆಗಿದೆ. ಅವನಿಗೆ ಹೇಳ್ಬೇಡಿ,” ಎಂದರು.

ಈ ಸಲ ಅವಳು ಡಾಕ್ಟರಮ್ಮನನ್ನು ತಿದ್ದಲಿಲ್ಲ. ಬಿಲ್ಲೆ ಬದಲಾಯಿಸಿ, ಎರಡೂ ಮಿಷನ್ನುಗಳನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ತಯಾರಕರ ಸೂಚನೆ ಮೂಡಿತು: ಹೊಸ ಸಾಫ್ಟ್‌ವೇರ್ ಬಂದಿದೆ, ಇದರಲ್ಲಿ ಶಿಳ್ಳೆ ತಡೆಯುವ ವ್ಯವಸ್ಥೆ ಸುಧಾರಿಸಿದೆ, ಎಲ್ಲ ಪ್ರೋಗ್ರಾಂಗಳಲ್ಲೂ ಸಂಗೀತದ ಸ್ವರ ಇನ್ನು ಕಂಪಿಸುವುದಿಲ್ಲ. ಈಗಲೇ ಹಾಕಬೇಕೆ?

ಅವಳು ಸೂಚನೆಯನ್ನು ಕೊನೆಯ ಪದದವರೆಗೂ ಓದಿದಳು. ಬೇಡ ಎಂಬಲ್ಲಿ ಒತ್ತಿ, ಮಿಷನ್ನುಗಳನ್ನು ಬಿಚ್ಚಿ ತಾಯಿಯ ಕಿವಿಗೆ ತಾನೇ ಇಟ್ಟಳು.

“ಏನಾದ್ರೂ ಬದಲಾಯ್ಸಿದ್ರಾ?” ತಾಯಿ ಗಾಬರಿಯಿಂದ ಕೇಳಿದರು.

“ಇಲ್ಲಮ್ಮ. ಇದ್ದ ಹಾಗೇ ಇದೆ.”