ಹತ್ತು ತಲಿ

ಸಂತೆಕಲ್ಲೂರ ಕೆರಿ ಏರಿ ಮ್ಯಾಲೆ ನಿಂತ ಓವರ್ಸಿಯರ್ ಕರಿಬಸಯ್ಯ ಬಗ್ಗಿ ಬುಡ ನೋಡಾಕತ್ತಿದ್ದ. ನಿಜಾಮ ಸರ್ಕಾರದೋರು ಲಿಂಗಸುಗೂರಿಂದ ಅವನ್ನ ಕಳಿಸಿದ್ದೇ ಈ ಏರಿ ಕಾಯಾಕ. ಮ್ಯಾಲಿನ ಸೀಮ್ಯಾಗ ಹುಚ್ಚು ಮಳಿ ಸುರಿದು ಕೆರಿ ತುಂಬಿ ನಿಂತಿತ್ತು. ಏರಿ ಬುಡಕ ರಾಡಿ ನೀರು ಬಸಿಯಾಕತ್ತಿತ್ತು. ತಿಳಿನೀರು ಬಸಿದ್ರ ಅಂಜಿಕಿಲ್ಲ. ರಾಡಿ ಬಂತಂದ್ರ ನೀರು ಒಳಗಿಂದ ಮಣ್ಣು ತಿನ್ನಾಕತ್ತೈತಿ ಅಂತಲೇ ತಿಳಿ.

"ಖಾದರಬಾಷಾ, ಓಡಲೇ! ಊರಾಗಿಂದ ಹತ್ತು ತಲಿ ತಗೊಂಡು ಬಾ, ಜಲ್ದಿ!" ಅಂತ ತನ್ನ ಜವಾನನ್ನ ಅಟ್ಟಿದ.

ತಲಿ ಅಂದ್ರ ಆಳು. ಕಚೇರ್ಯಾಗ ಹಂಗೇ ಅಂತಿದ್ರು. ಆದ್ರ ಈ ಕೆರಿ ಹಿಂದೂ ಒಡದಿತ್ತು, ಅದು ಬಲಿ ಕೇಳತೈತಿ ಅಂತ ಊರಾಗ ಮುದುಕೇರು ಹೇಳಿಕೊಂತ ಬಂದಿದ್ರು. ಅಂಥಾ ಊರಾಗ ನಿಂತು ನಮ್ಮ ಖಾದರಬಾಷಾ, ಪುಣ್ಯಾತ್ಮ, ಕೂಗೇಬಿಟ್ಟ: "ಏರಿ ನಿಲ್ಲಬೇಕಂದ್ರ ಸಾಹೇಬ್ರಿಗೆ ಹತ್ತು ತಲಿ ಬೇಕಂತ್ರಪ್ಪೋ!"

ಕೂಲಿಯವರ ಓಣಿ ಒಂದೇ ಉಸಿರಿಗೆ ಖಾಲಿ ಆತು. ಹೆಂಗಸರು ಕೂಸು ಅವಚಿಗೊಂಡು ಓಡಿದ್ರು. ಎಲ್ಲಿಗೆ? ಏರಿ ಕೆಳಗ, ಒಣಾ ಹಳ್ಳದ ಜಾಲಿಕಂಟ್ಯಾಗ! ಅಡಗಾಕ ಬ್ಯಾರೆ ಜಾಗಾನೇ ಸಿಗಲಿಲ್ಲೇನು ಇವರಿಗೆ? ಏರಿ ಒಡದ್ರ ನೀರು ಮೊದಲು ನುಗ್ಗೂದು ಅಲ್ಲಿಗೇ.

ತಲಿ ಅಂದ್ರ ಬಲಿ ಅಂತ ತಿಳಿದು ಮಂದಿ ಹಳ್ಳದಾಗ ಅಡಗ್ಯಾರ ಅಂತ ಜವಾನ ಬರಿಗೈಲೆ ಬಂದು ಹೇಳಿದ. "ಎಂಥಾ ಮಾತು ಆಡಿದೆಲೇ ನಾ!" ಅಂತ ಕರಿಬಸಯ್ಯ ಹಣಿ ಬಡಕೊಂಡ. ಏರಿಯಂತೂ ಕೈ ಬಿಟ್ಟು ಹೋಗಿತ್ತು. ಮಂದಿನಾದ್ರೂ ಉಳಸಬೇಕಂತ ಹಳ್ಳಕ್ಕ ಇಳದು ಓಡಿದ.

"ಮ್ಯಾಲೆ ಹತ್ರಿ! ಏರಿ ಒಡೀತೈತಿ!"

ಅವನ ಟೊಪಿಗಿ ಕಂಡದ್ದೇ ತಡ, "ಬಂದ್ನವ್ವೋ, ಬಂದ!" ಅಂತ ಗದ್ದೆಮ್ಮ ಚೀರಿದ್ಲು. ದಿನಾ ಅವನಿಗೆ ರೊಟ್ಟಿ ಬಡದು ಹಾಕಾಕಿ ಆಕಿ. ಎಲ್ಲಾರೂ ಹಳ್ಳದಾಗ ಇನ್ನೂ ಕೆಳಕ್ಕ ಓಡಿದ್ರು. ಕರದಷ್ಟೂ ದೂರ ಹೋಗಾಕತ್ತಿದ್ರು.

ಕರದ್ರ ಬರಂಗಿಲ್ಲ ಇವರು, ಅಂಜಿಸಿದ್ರ ಹತ್ತತಾರ ಅಂತ ಆಗ ಅವನಿಗೆ ಹೊಳೀತು. ಈಚಿ ದಂಡಿ ಹತ್ತಿ ಅವರ ಸಮಕ್ಕ ಓಡಿ, ಕೈಯಾನ ಅಳತಿಕೋಲು ಎತ್ತಿ ಅವರ ಮೈಮ್ಯಾಲೇ ಧುಮುಕಿದ.

"ಹೌದಲೇ, ನನಗ ತಲಿ ಬೇಕು! ಒಬ್ಬರನ್ನೂ ಬಿಡಂಗಿಲ್ಲ!"

ಮಂದಿ ಬಿದ್ದು ಎದ್ದು ಆಚಿ ದಂಡಿ ಹತ್ತಿತು. ಗದ್ದೆಮ್ಮನ ಮಗಳು ಜಾರಿ ಅವನ ಕಾಲಾಗೇ ಬಿತ್ತು. ಎತ್ತಿ ಮ್ಯಾಲಕ್ಕ ಕೊಡಾಕ ಹೋದ್ರ ಗದ್ದೆಮ್ಮ ಅವನ ಕೈ ಕಚ್ಚಿದ್ಲು. ಕಚ್ಚಿಸಿಕೊಂಡೇ ಕೂಸನ್ನ ದಂಡಿಗೆ ನೂಕಿದ.

ಅಷ್ಟರಾಗ ಏರಿ ಒಡೀತು. ನೀರು ಅವನ್ನ ಎತ್ತಿ ಒಗೀತು. ಹೆಂಗೋ ಒಂದು ಜಾಲಿ ಗಿಡ ಕೈಗೆ ಸಿಕ್ತು. ದಂಡಿ ಕಡೆ ನೋಡಿದ: ಎಲ್ಲಾರೂ ಅದಾರ, ಕೂಸೂ ಐತಿ. ಯಪ್ಪಾ, ಆ ಹೊತ್ತಿನ್ಯಾಗೂ ಅವನ ಜೀವ ಎಷ್ಟು ಹಗರಾತು!

ಕೂಲಿ ಮೇಸ್ತ್ರಿ ಮುದುಕಪ್ಪ ಮನಸ್ಸು ತಡೀಲಾರದ, ಅವನಿಗೆ ಒಗ್ಯಾಕಂತ ತಲಿಗೆ ಸುತ್ತಿದ ರುಮಾಲು ಬಿಚ್ಚಿದ. ಗದ್ದೆಮ್ಮ ಮುದುಕಪ್ಪನ ರಟ್ಟಿ ಹಿಡಿದ್ಲು.

"ಬ್ಯಾಡೋ ಯಣ್ಣಾ. ಕೆರಿ ಅವನ್ನೇ ಕೇಳಾಕತ್ತೈತಿ. ಕೊಡಲಿಲ್ಲಂದ್ರ ನಮ್ಮ ಕೂಸುಗಳನ್ನ ಕೇಳತೈತಿ."

ಕರಿಬಸಯ್ಯ ಏನೋ ಹೇಳಾಕ ಬಾಯಿ ತೆರದ, ಬಾಯಿ ತುಂಬ ರಾಡಿ ಹೊಕ್ತು.  ಮುದುಕಪ್ಪ ರುಮಾಲು ಮತ್ತ ಸುತ್ತಿಗೊಂಡ.